ಮುಂಬೈ, ಪುಣೆ, ಗೋವಾ: ನಗರ ವಿನ್ಯಾಸ ಓದಲು ಎಲ್ಲಿಗೆ, ಯಾವ ಕೋರ್ಸಿಗೆ?

ಪ್ರತಿ ವರ್ಷ ಏಪ್ರಿಲ್, ಮೇ ಬಂತೆಂದರೆ ನನ್ನ ಮುಂದೆ ಇದೇ ಪ್ರಶ್ನೆ. ಮುಂಬೈಯ ಮಾಟುಂಗದಲ್ಲಿ ಕನ್ನಡ ಸಂಘದ ಕಾರ್ಯಕ್ರಮ ಇರಲಿ, ಕುರ್ಲಾದಲ್ಲಿ ಮದುವೆ ಊಟ ಇರಲಿ, ಕೈ ತೊಳೆದು ಬರುವಷ್ಟರಲ್ಲಿ ಯಾರಾದರೂ ಪಕ್ಕಕ್ಕೆ ಬಂದು ಕೇಳುತ್ತಾರೆ: "ಮಗಳು ಆರ್ಕಿಟೆಕ್ಚರ್ ಮುಗಿಸಿದಳು. ಮುಂದೆ ಅರ್ಬನ್ ಡಿಸೈನ್ ಅಂತಿದ್ದಾಳೆ. ಇಲ್ಲೇ ಓದಿಸಲಾ, ಪುಣೆಗೆ ಕಳಿಸಲಾ?" ಈಚೆಗೆ ಗೋವಾದ ಹೆಸರೂ ಸೇರಿಕೊಂಡಿದೆ. ಹೋದ ವರ್ಷ ನನ್ನ ಅಣ್ಣನ ಮಗಳೇ ಡೊಂಬಿವಿಲಿಯಿಂದ ಬಂದು ಕೂತಳು. "ಅತ್ತೆ, ಒಂದೇ ಒಂದು ಹೆಸರು ಹೇಳಿ, ಸಾಕು" ಅಂದಳು.

ಹೆಸರು ಹೇಳುವುದು ಸುಲಭ. ಆದರೆ ಈ ವಿಷಯದಲ್ಲಿ ಎರಡು ವರ್ಷ ಕೂತು ಓದಿ, ಆಮೇಲೆ ಇಪ್ಪತ್ತು ವರ್ಷ ಅದರಲ್ಲೇ ಕೆಲಸ ಮಾಡಿದವಳಾಗಿ ನನಗೆ ಗೊತ್ತಿರುವುದು ಒಂದು. ಮೊದಲು ಕೋರ್ಸು ತೀರ್ಮಾನ ಆಗಬೇಕು, ಆಮೇಲೆ ಊರು, ಕೊನೆಗೆ ಕಾಲೇಜು. ನಮ್ಮಲ್ಲಿ ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಕೋರ್ಸು ತೀರ್ಮಾನ ಆಗಬೇಕಾದರೆ ನಿಮ್ಮನ್ನು ಕಾಡುವ ಪ್ರಶ್ನೆ ಯಾವುದು ಅಂತ ನಿಮಗೇ ಗೊತ್ತಿರಬೇಕು.

ಒಂದೇ ಮೆಟ್ಟಿಲು, ನಾಲ್ಕು ಕೋರ್ಸು

ಅಣ್ಣನ ಮಗಳಿಗೆ ಹೇಳಿದ ಕತೆಯನ್ನೇ ಇಲ್ಲೂ ಹೇಳುತ್ತೇನೆ. ಚೆಂಬೂರಿನಲ್ಲಿ ನನ್ನ ಅಪ್ಪನ ಹೋಟೆಲಿತ್ತು. ಒಂದು ಮಳೆಗಾಲದ ಮುಂಚೆ ಎದುರಿನ ಫುಟ್‌ಪಾತನ್ನು ಹೊಸದಾಗಿ ಹಾಕಿದರು. ಹಳೆಯದನ್ನು ಕೀಳಲಿಲ್ಲ. ಅದರ ಮೇಲೇ ಮರಳು ಸುರಿದು ಪೇವರ್ ಬ್ಲಾಕ್ ಜೋಡಿಸಿದರು. ರಸ್ತೆಯಿಂದ ಅದರ ಎತ್ತರ ಹನ್ನೊಂದು ಇಂಚು ಆಯಿತು. ಬೆಳಿಗ್ಗೆ ಆರೂವರೆಗೆ ಕಾಫಿಗೆ ಬರುತ್ತಿದ್ದ ನಾಲ್ಕೈದು ಅಜ್ಜಂದಿರು ಇದ್ದರು. ಅವರಲ್ಲಿ ಒಬ್ಬರು ಮಂಡಿ ನೋವಿನವರು. ಮೊದಲ ದಿನ ಅವರು ಪಕ್ಕದ ಕಂಬ ಹಿಡಿದು ಹತ್ತಿದರು. ಎರಡನೇ ದಿನ ಅಪ್ಪನೇ ಕೈ ಹಿಡಿದು ಹತ್ತಿಸಿದರು. ಮೂರನೇ ದಿನ ಅಪ್ಪ ಒಂದು ಕಡಪ ಕಲ್ಲು ತಂದು ಮೆಟ್ಟಿಲಿನ ಹಾಗೆ ಇಟ್ಟರು. ವಾರದೊಳಗೆ ಅತಿಕ್ರಮಣ ಅಂತ ಅದನ್ನು ಎತ್ತಿಕೊಂಡು ಹೋದರು. ಆ ಅಜ್ಜ ಆಮೇಲೆ ಬರಲಿಲ್ಲ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ಫುಟ್‌ಪಾತಿನ ಅಂಚು 150 ಮಿಲಿಮೀಟರಿಗಿಂತ ಎತ್ತರ ಇರಬಾರದು. ಅಂದರೆ ಆರು ಇಂಚು. ನಡೆಯಲು ಅಡ್ಡಿಯಿಲ್ಲದ ಅಗಲ ಕಡಿಮೆ ಅಂದರೂ 1.8 ಮೀಟರ್ ಇರಬೇಕು. ಆಗ ನಾನು ಹತ್ತನೇ ತರಗತಿ. ಇದೆಲ್ಲ ಗೊತ್ತಿರಲಿಲ್ಲ.

ಈಗ ಈ ಹನ್ನೊಂದು ಇಂಚಿನ ಮೆಟ್ಟಿಲನ್ನೇ ನಾಲ್ಕು ಕೋರ್ಸಿನ ಮುಂದೆ ಇಡಿ.

ಅರ್ಬನ್ ಡಿಸೈನ್ ಓದುವವಳು ಮೊದಲು ಸೆಕ್ಷನ್ ಬಿಡಿಸುತ್ತಾಳೆ, ಅಂದರೆ ಬೀದಿಯನ್ನು ಅಡ್ಡ ಕತ್ತರಿಸಿದರೆ ಕಾಣುವ ಚಿತ್ರ. ರಸ್ತೆ, ಚರಂಡಿ, ಫುಟ್‌ಪಾತ್, ಅಂಗಡಿಯ ನೆಲ ಇವೆಲ್ಲ ಯಾವ ಎತ್ತರದಲ್ಲಿ ಒಂದಕ್ಕೊಂದು ಸೇರುತ್ತವೆ, ಮನುಷ್ಯ ಎಲ್ಲಿ ನಿಲ್ಲುತ್ತಾನೆ, ಎಲ್ಲಿ ಕೂರುತ್ತಾನೆ, ನೆರಳು ಎಲ್ಲಿಂದ ಬರುತ್ತದೆ, ಇದೆಲ್ಲ ಅವಳ ಕಾಗದದ ಮೇಲೆ ಬರುತ್ತದೆ. ಪ್ಲಾನಿಂಗ್ ಓದುವವಳು ಕೇಳುವುದು ಬೇರೆ. ಡೆವಲಪ್‌ಮೆಂಟ್ ಪ್ಲಾನಿನಲ್ಲಿ ಈ ರಸ್ತೆಗೆ ಎಷ್ಟು ಅಗಲ ಬರೆದಿದೆ? ಸುತ್ತ ಎಷ್ಟು ಜನ ಹೆಚ್ಚುತ್ತಾರೆ? ದುಡ್ಡು ಯಾವ ಲೆಕ್ಕದಿಂದ ಬರುತ್ತದೆ? ಪಾಲಿಸಿ ಓದುವವಳಿಗೆ ಬೇಕಾದ್ದು ಅದನ್ನು ತೀರ್ಮಾನ ಮಾಡಿದವರು ಯಾರು ಅನ್ನುವುದು. ವಾರ್ಡಿನಲ್ಲಿ ಯಾರಾದರೂ ಜನರನ್ನು ಕೇಳಿದರಾ? ಪಕ್ಕದಲ್ಲಿ ಹೂವು ಮಾರುವವಳಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಕೊಟ್ಟ ಹಕ್ಕು ಇಲ್ಲಿ ಲೆಕ್ಕಕ್ಕೆ ಬಂತಾ? ಲ್ಯಾಂಡ್‌ಸ್ಕೇಪ್ ಓದುವವಳು ನೆಲ ನೋಡುತ್ತಾಳೆ. ಮಳೆ ನೀರು ಎತ್ತ ಹೋಗುತ್ತದೆ, ಮರದ ಬುಡಕ್ಕೆ ಉಸಿರಾಡಲು ಜಾಗ ಬಿಟ್ಟಿದ್ದಾರಾ ಅಂತ.

ನಾಲ್ಕೂ ಬೇಕಾದ ಕೆಲಸಗಳೇ. ಆದರೆ ಒಬ್ಬರಿಗೆ ನಾಲ್ಕರಲ್ಲೂ ನಿದ್ದೆಗೆಡುವಷ್ಟು ಆಸೆ ಇರುವುದಿಲ್ಲ. ಕತೆ ಕೇಳಿದ ಕೂಡಲೇ ನಿಮ್ಮ ಮನಸ್ಸು ಯಾವ ಪ್ರಶ್ನೆಯ ಕಡೆ ಹೋಯಿತೋ ಅದೇ ನಿಮ್ಮ ಕೋರ್ಸಿನ ಸುಳಿವು. ಅಣ್ಣನ ಮಗಳು ಕೇಳಿದ್ದು, "ಆ ಕಲ್ಲು ಎತ್ತಿಕೊಂಡು ಹೋಗಿ ಅಂತ ಹೇಳಿದ್ದು ಯಾರು?"

ಮುಂಬೈ: ಜಾಗ ಕಡಿಮೆ, ಪಾಠ ಜಾಸ್ತಿ

ಅರ್ಬನ್ ಡಿಸೈನನ್ನೇ ಮುಖ್ಯವಾಗಿ ಓದಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಜುಹುವಿನ ಕಮಲಾ ರಹೇಜಾ ವಿದ್ಯಾನಿಧಿ ಆರ್ಕಿಟೆಕ್ಚರ್ ಸಂಸ್ಥೆಯ ಹೆಸರು. 1992ರಲ್ಲಿ ಶುರುವಾದ ಇದನ್ನು ಎಲ್ಲರೂ ಕೆಆರ್‌ವಿಐಎ ಅಂತಲೇ ಕರೆಯುತ್ತಾರೆ. ಇಲ್ಲಿ ಅರ್ಬನ್ ಡಿಸೈನಿನಲ್ಲೂ ಅರ್ಬನ್ ಕನ್ಸರ್ವೇಶನ್ನಿನಲ್ಲೂ (ಊರಿನ ಹಳೆಯ ಭಾಗಗಳನ್ನು ಉಳಿಸಿಕೊಳ್ಳುವ ವಿಷಯ) ಎಂ.ಆರ್ಕ್, ಅಂದರೆ ಆರ್ಕಿಟೆಕ್ಚರಿನ ಸ್ನಾತಕೋತ್ತರ ಪದವಿ, ಇದೆ. ಇದಕ್ಕೆ ಆರ್ಕಿಟೆಕ್ಚರ್ ಪದವಿ ಬಿ.ಆರ್ಕ್ ಆಗಿರಲೇಬೇಕು. ಪಾಲಿಸಿ ಕಡೆ ಹೋಗುವವರಿಗೆ ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಟಿಸ್‌ನಲ್ಲಿ ಅರ್ಬನ್ ಪಾಲಿಸಿ ಅಂಡ್ ಗವರ್ನೆನ್ಸ್ ಎಂಬ ಸ್ನಾತಕೋತ್ತರ ಕೋರ್ಸಿದೆ. ಅದಕ್ಕೆ ಆರ್ಕಿಟೆಕ್ಚರೇ ಆಗಬೇಕು ಅಂತಿಲ್ಲ. ಬಿ.ಎ., ಬಿ.ಕಾಂ. ಮಾಡಿದ ನಮ್ಮ ಮಕ್ಕಳಿಗೆ ಇದು ಗೊತ್ತೇ ಇರುವುದಿಲ್ಲ. ನಗರದ ಕೆಲಸ ಅಂದರೆ ಡ್ರಾಯಿಂಗ್ ಬೋರ್ಡ್ ಮಾತ್ರ ಅಂದುಕೊಂಡು ದೂರ ಉಳಿಯುತ್ತಾರೆ. ನನಗೆ ಇದು ನಿಜವಾಗಿ ಬೇಸರದ ವಿಷಯ.

ಕಾಲೇಜಿಗಿಂತ ದೊಡ್ಡ ಪಾಠ ಊರೇ. ನಮ್ಮವರು ವಾರಕ್ಕೊಮ್ಮೆ ಹೋಗುವ ಮಾಟುಂಗವನ್ನೇ ತೆಗೆದುಕೊಳ್ಳಿ. 1896ರಲ್ಲಿ ಪ್ಲೇಗ್ ಬಂತು. ಊರಿನ ಇಕ್ಕಟ್ಟಾದ ಮನೆಗಳಿಗೆ ಗಾಳಿ ಬೆಳಕು ಬೇಕು ಅಂತ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದಾದರ್, ಮಾಟುಂಗ, ವಡಾಲದ ಅಗಲ ರಸ್ತೆ, ಫೈವ್ ಗಾರ್ಡನ್ಸ್, ಕಿಂಗ್ಸ್ ಸರ್ಕಲ್ಲಿನ ಗುಂಡನೆಯ ತೋಟ ಎಲ್ಲ ಆ ಟ್ರಸ್ಟ್ ಹಾಕಿದ ಬಡಾವಣೆಯಿಂದ ಬಂದದ್ದು. ಆ ಸರ್ಕಲ್ಲಿನ ಸುತ್ತ ಇಡ್ಲಿ ದೋಸೆ ತಿಂದ ನಮಗೆ, ನೂರು ವರ್ಷದ ಹಿಂದೆ ಯಾರೋ ರಸ್ತೆಯ ಅಗಲ ಎಷ್ಟಿರಬೇಕು ಅಂತ ಕೂತು ಯೋಚಿಸಿದ್ದರು ಅನ್ನುವುದು ನೆನಪಾಗುವುದಿಲ್ಲ, ಅಲ್ವಾ?

ಅಲ್ಲಿಂದ ನಾಲ್ಕು ಹೆಜ್ಜೆ ಹೋದರೆ ಫ್ಲೈಓವರಿನ ಕೆಳಗೆ ನಾನಾಲಾಲ್ ಡಿ. ಮೆಹ್ತಾ ಉದ್ಯಾನ ಇದೆ. ಉದ್ದ ಸುಮಾರು 600 ಮೀಟರ್. ಸೇತುವೆ ಕೆಳಗೆ ಗಾಡಿ ನಿಲ್ಲಿಸುವುದು, ಕಸ ಸುರಿಯುವುದು ನೋಡಿ ನೋಡಿ ಸಾಕಾದ ಅಲ್ಲಿನ ಜನರು ಬೆನ್ನು ಹತ್ತಿ ಮಾಡಿಸಿಕೊಂಡ ತೋಟ ಅದು. 2016ರಲ್ಲಿ ತೆರೆಯಿತು. ನಡಿಗೆಯ ದಾರಿಯನ್ನು ನರ್ಮದಾ ನದಿ ಹರಿಯುವ ಹಾಗೆ ಬಾಗಿಸಿ ಮಾಡಿದ್ದಾರೆ. ಅಣ್ಣನ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಒಂದು ನೋಟ್‌ಬುಕ್ಕು, ಒಂದು ಅಳತೆ ಟೇಪು ಕೊಟ್ಟೆ. "ಸಂಜೆ ಐದರಿಂದ ಏಳರವರೆಗೆ ಇಲ್ಲೇ ಇರು. ಯಾರು ಕೂತರು, ಯಾರು ಕೂರದೆ ಹೋದರು, ಬರಿ" ಅಂದೆ. ಬರೆದಳು. ಎರಡೂ ಕಡೆ ಬಸ್ಸು ಲಾರಿ ಓಡುತ್ತಿದ್ದರೂ ಒಳಗೆ ಮುದುಕರು ಮೂರು ಮೂರು ಸುತ್ತು ಹಾಕುತ್ತಿದ್ದರು. ತಲೆ ಮೇಲೆ ಸೇತುವೆ, ಮಳೆಯಲ್ಲೂ ನೆನೆಯುವ ಭಯ ಇಲ್ಲ. ಆದರೆ ಸುತ್ತ ಕಬ್ಬಿಣದ ಬೇಲಿ. ಒಳಗೆ ಬರಬೇಕಾದರೆ ಗೇಟು ಹುಡುಕಬೇಕು, ಅಲ್ಲಿಗೆ ಹೋಗಲು ಓಡುವ ಗಾಡಿಗಳ ಮಧ್ಯೆ ರಸ್ತೆ ದಾಟಬೇಕು. ಅವಳ ನೋಟ್‌ಬುಕ್ಕಿನ ಕೊನೆಯ ಸಾಲು: "ತೋಟ ಚೆನ್ನಾಗಿದೆ. ತೋಟಕ್ಕೆ ಬರುವ ದಾರಿ ಚೆನ್ನಾಗಿಲ್ಲ." ಈ ಒಂದು ಸಾಲು ಬರೆಯಲು ಬಂದರೆ ಅರ್ಬನ್ ಡಿಸೈನಿನ ಮೊದಲ ಸೆಮಿಸ್ಟರ್ ಅರ್ಧ ಮುಗಿದ ಹಾಗೆ.

ಇನ್ನೊಂದು ಕಡೆ ಮಿಲ್ಲುಗಳ ಗಿರಣಗಾಂವ್. 1991ರ ನಿಯಮದ ಪ್ರಕಾರ ಮಿಲ್ಲಿನ ಜಾಗ ಬೇರೆ ಕೆಲಸಕ್ಕೆ ತೆರೆದಾಗ ಸುಮಾರು ಮೂರರಲ್ಲೊಂದು ಪಾಲು ಊರಿನ ಬಯಲಿಗೆ, ಇನ್ನೊಂದು ಸಾರ್ವಜನಿಕ ವಸತಿಗೆ, ಉಳಿದದ್ದು ಮಾಲೀಕರಿಗೆ ಅಂತಿತ್ತು. 2001ರಲ್ಲಿ ನಿಯಮ ಬದಲಾಯಿತು. ಖಾಲಿ ಇದ್ದ ಜಾಗವನ್ನು ಮಾತ್ರ ಪಾಲು ಮಾಡಿದರೆ ಸಾಕು ಅಂತಾಯಿತು. ಮಿಲ್ಲಿನ ಶೆಡ್ಡು ನಿಂತಿದ್ದ ನೆಲವೆಲ್ಲ ಲೆಕ್ಕದಿಂದ ಹೊರಗೆ ಹೋಯಿತು. ಊರಿಗೆ ಸಿಗಬೇಕಾಗಿದ್ದ ಮೈದಾನಗಳು ಒಂದು ವಾಕ್ಯದ ತಿದ್ದುಪಡಿಯಲ್ಲಿ ಸಣ್ಣ ತುಂಡುಗಳಾದವು. ಲೋವರ್ ಪರೇಲಿನಲ್ಲಿ ಲೋಕಲ್ ಇಳಿದು ನಡೆಯುವಾಗಲೆಲ್ಲ ನನಗೆ ಆ ವಾಕ್ಯವೇ ನೆನಪಾಗುತ್ತದೆ. ಕಟ್ಟಡದ ಆಕಾರವನ್ನು ನಿಯಮ ಹೇಗೆ ತೀರ್ಮಾನ ಮಾಡುತ್ತದೆ ಅನ್ನುವುದನ್ನು ಕಲಿಯಲು ಮುಂಬೈಗಿಂತ ಒಳ್ಳೆಯ ಊರು ಈ ಮೂರರಲ್ಲಿ ಇಲ್ಲ.

ಕಷ್ಟವೂ ಹೇಳಬೇಕು. ಬಾಡಿಗೆ ಜಾಸ್ತಿ. ಸ್ಟುಡಿಯೋ, ಅಂದರೆ ಡ್ರಾಯಿಂಗು ಮಾಡೆಲು ಮಾಡುವ ತರಗತಿ, ಮುಗಿಯುವುದು ರಾತ್ರಿ. ಡೊಂಬಿವಿಲಿಯಿಂದಲೋ ವಸಾಯಿಯಿಂದಲೋ ಜುಹುವಿಗೆ ದಿನಾ ಹೋಗಿ ಬರುವವರಿಗೆ ದಿನದಲ್ಲಿ ನಾಲ್ಕು ಗಂಟೆ ದಾರಿಯಲ್ಲೇ ಹೋಗುತ್ತದೆ, ಮಾಡೆಲ್ ಕೈಯಲ್ಲಿ ಹಿಡಿದುಕೊಂಡು ಲೋಕಲ್ ಹತ್ತುವುದು ಬೇರೆ. ಹತ್ತಿರದಲ್ಲಿ ಉಳಿಯುವ ವ್ಯವಸ್ಥೆ ಆಗದಿದ್ದರೆ ಎರಡು ಸಲ ಯೋಚಿಸಿ.

ಪುಣೆ: ಬೀದಿಯನ್ನು ಕಲಿಯುವ ಊರು

ಪುಣೆಯ ಹಳೆಯ ಭಾಗಗಳ ಹೆಸರು ಕಸಬಾ ಪೇಠ್, ಸದಾಶಿವ ಪೇಠ್, ನಾರಾಯಣ ಪೇಠ್. ನಮ್ಮ ಪೇಟೆಯೇ ಅದು. ವಾಡಾದ (ಅಂಗಳ ಇರುವ ಹಳೆಯ ದೊಡ್ಡ ಮನೆ) ಬಾಗಿಲು, ಸಣ್ಣ ಗಲ್ಲಿ, ಗಲ್ಲಿ ಸೇರುವ ಕಡೆ ಮರದ ಬುಡಕ್ಕೆ ಕಟ್ಟಿದ 'ಪಾರ್'. ನಮ್ಮ ಊರಿನ ಅರಳಿಕಟ್ಟೆ ನೋಡಿ ಬೆಳೆದವರಿಗೆ ಇದರ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಊರಿನ ವಿಶೇಷ ಏನೆಂದರೆ ಬೀದಿಯ ಮೇಲೆ ಪ್ರಯೋಗಗಳು ನಡೆದಿವೆ, ಸೋತದ್ದೂ ಗೆದ್ದದ್ದೂ ಎರಡೂ ಕಣ್ಣಿಗೆ ಕಾಣುತ್ತವೆ. 2006ರಲ್ಲಿ ಕಾತ್ರಜ್‌ನಿಂದ ಸ್ವಾರಗೇಟ್, ಹಡಪ್ಸರ್ ಕಡೆಗೆ ಬಸ್ಸಿಗೆ ಪ್ರತ್ಯೇಕ ದಾರಿ ಮಾಡಿದರು. ಬಿಆರ್‌ಟಿ ಅಂತ ಕರೆಯುವ ಈ ವ್ಯವಸ್ಥೆ ದೇಶದಲ್ಲಿ ಮೊದಲು ಓಡಿದ್ದೇ ಅಲ್ಲಿ. ಬೇಕಾದ ತಯಾರಿ ಇಲ್ಲದೆ ಅದು ಸೊರಗಿತು. ಆಮೇಲೆ 2016ರಲ್ಲಿ ಪಾಲಿಕೆ ಬೀದಿ ವಿನ್ಯಾಸಕ್ಕೆ ತನ್ನದೇ ಮಾರ್ಗಸೂಚಿ ತಂದಿತು. ಜಂಗಲಿ ಮಹಾರಾಜ ರಸ್ತೆಯ ಫುಟ್‌ಪಾತ್ ಅಗಲ ಆಯಿತು, ಕೂರಲು ಬೆಂಚು ಬಂದವು, ಮಕ್ಕಳು ಆಡುವ ಜಾಗವೂ ಬಂತು. ನಾನು ಅಲ್ಲಿ ಒಂದು ಬೆಂಚಿನ ಮೇಲೆ ಸುಮ್ನೆ ಅರ್ಧ ಗಂಟೆ ಕೂತಿದ್ದೆ. ಪಕ್ಕದಲ್ಲಿ ಒಬ್ಬ ತಾಯಿ ಮಗುವಿಗೆ ಊಟ ತಿನ್ನಿಸುತ್ತಿದ್ದಳು. ರಸ್ತೆ ಬದಿಯಲ್ಲಿ, ಯಾವ ಅವಸರವೂ ಇಲ್ಲದೆ. ಅಪ್ಪನ ಹೋಟೆಲಿನ ಮುಂದೆ ಇಂಥ ಒಂದು ಬೆಂಚು ಇದ್ದಿದ್ದರೆ ಅಂತ ಅನ್ನಿಸಿತು. 2021ರಿಂದ ಡಿಸೆಂಬರ್ 11ರಂದು ಲಕ್ಷ್ಮಿ ರೋಡಿನ ಒಂದು ಭಾಗದಲ್ಲಿ ಗಾಡಿ ನಿಲ್ಲಿಸಿ, ನಡೆಯುವವರಿಗೇ ಬಿಟ್ಟುಕೊಡುವ ಪಾದಚಾರಿ ದಿನವೂ ಶುರುವಾಗಿದೆ. ಆ ದಿನ ಪುಣೆಯಲ್ಲಿ ಇರುವ ಹಾಗೆ ನೋಡಿಕೊಳ್ಳಿ.

ಪ್ಲಾನಿಂಗ್ ಓದುವವರಿಗೆ ಇಲ್ಲಿ ಸಿಒಇಪಿ ಇದೆ. 1854ರಲ್ಲಿ ಶುರುವಾದ ಹಳೆಯ ಇಂಜಿನಿಯರಿಂಗ್ ಕಾಲೇಜು, ಈಗ ವಿಶ್ವವಿದ್ಯಾಲಯ. ಹನ್ನೆರಡನೆಯ ತರಗತಿ ಮುಗಿಸಿ ನೇರವಾಗಿ ಪ್ಲಾನಿಂಗ್ ಪದವಿಗೂ ಸೇರಬಹುದು, ಪದವಿ ಮೇಲೆ ಸ್ನಾತಕೋತ್ತರಕ್ಕೂ ಬರಬಹುದು. ಸಿವಿಲ್ ಇಂಜಿನಿಯರಿಂಗ್ ಮಾಡಿದವರಿಗೂ ಪ್ಲಾನಿಂಗಿನ ಬಾಗಿಲು ತೆರೆದಿರುತ್ತದೆ. ಅರ್ಬನ್ ಡಿಸೈನ್ ಎಂ.ಆರ್ಕ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅದು. ಲ್ಯಾಂಡ್‌ಸ್ಕೇಪ್ ಅನ್ನುವವರು ಕರ್ವೆನಗರದ ಭಾನುಬೆನ್ ನಾನಾವಟಿ ಆರ್ಕಿಟೆಕ್ಚರ್ ಕಾಲೇಜು (ಬಿಎನ್‌ಸಿಎ) ನೋಡಿ. ಅಲ್ಲಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರಿನಲ್ಲಿ ಎಂ.ಆರ್ಕ್ ಇದೆ.

ಮುಂಬೈಗೆ ಹೋಲಿಸಿದರೆ ಖರ್ಚು ಕಡಿಮೆ, ಕಾಲೇಜಿನ ಹತ್ತಿರವೇ ಕೋಣೆ ಸಿಗುತ್ತದೆ. ಕನ್ನಡ ಸಂಘ ಇದೆ, ಕನ್ನಡ ಶಾಲೆಯೂ ಇದೆ, ಹಬ್ಬದ ದಿನ ಒಬ್ಬರೇ ಕೂರಬೇಕಾಗಿಲ್ಲ. ಮರಾಠಿ ಮಾತ್ರ ಕಲಿಯಲೇಬೇಕು. ಸರ್ವೆಗೆ ಹೋಗಿ ತರಕಾರಿ ಮಾರುವವಳ ಹತ್ತಿರ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಅವಳು ನಿಜ ಹೇಳುವುದಿಲ್ಲ. ಮುಂಬೈಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಇದು ಬಂದೇ ಇರುತ್ತದೆ. ಮಂಗಳೂರು, ಹುಬ್ಬಳ್ಳಿಯಿಂದ ನೇರ ಬರುವವರು ಮೊದಲ ಆರು ತಿಂಗಳು ಇದಕ್ಕೇ ಕೊಡಿ.

ಗೋವಾ: ಓದಲು ಸಣ್ಣದು, ನೋಡಲು ದೊಡ್ಡದು

ಪಣಜಿಯ ಆಲ್ತಿನ್ಹೊ ಗುಡ್ಡದ ಮೇಲೆ ಗೋವಾ ಆರ್ಕಿಟೆಕ್ಚರ್ ಕಾಲೇಜಿದೆ. ಐದು ವರ್ಷದ ಬಿ.ಆರ್ಕ್ ಮಾಡುವವರಿಗೆ ನಾನು ಧೈರ್ಯವಾಗಿ ಹೇಳುವ ಜಾಗ. ಗುಡ್ಡ ಇಳಿದರೆ ಫೊಂಟೇನಸ್‌ನ ಗಲ್ಲಿ, ಇನ್ನೂ ಮುಂದೆ ಹೋದರೆ ಮಾಂಡೋವಿ ದಂಡೆ. ಇಡೀ ಪಣಜಿಯನ್ನು ಕಾಲ್ನಡಿಗೆಯಲ್ಲೇ ಅಳೆದು ನಕ್ಷೆ ಮಾಡಬಹುದು. ಮುಂಬೈಯಲ್ಲಿ ಒಂದು ವಾರ್ಡನ್ನೂ ಹಾಗೆ ಮುಗಿಸಲು ಆಗುವುದಿಲ್ಲ.

ಹೆಸರಾಂತ ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ಅವರ ಕೆಲಸ ಹತ್ತಿರದಿಂದ ನೋಡಲೂ ಗೋವಾಕ್ಕೆ ಹೋಗಬೇಕು. ನದಿ ದಂಡೆಯ ಕಲಾ ಅಕಾಡೆಮಿ ಅವರದು. ಒಳಗೆ ನಾಟಕ ನೋಡಲು ಟಿಕೆಟ್ ಬೇಕು. ಆದರೆ ರಸ್ತೆಯಿಂದ ನದಿಯವರೆಗೆ ಕಟ್ಟಡದ ನಡುವೆಯೇ ನಡೆದು ಹೋಗಲು ಬರುವ ಹಾಗೆ ಅದನ್ನು ಯೋಚಿಸಿದ್ದರು. ದೊಡ್ಡ ಕಟ್ಟಡಕ್ಕೆ ದೊಡ್ಡ ಜಗಲಿ ಇಟ್ಟ ಹಾಗೆ. ಗೋವಾದ ಹಳೆಯ ಮನೆಗಳಿಗೂ ಮುಂದೆ ಎರಡು ಕಡೆ ಕೂರಲು ಕಲ್ಲಿನ ಆಸನ ಇರುವ 'ಬಲ್ಕಾಂವ್' ಇರುತ್ತದೆ. ಮನೆಯವರೂ ದಾರಿಹೋಕರೂ ಮಾತಾಡುವುದು ಅಲ್ಲೇ. ನಮ್ಮ ಅಜ್ಜಿ ಮನೆಯ ಜಗಲಿಯ ಕೆಲಸವನ್ನೇ ಅದು ಮಾಡುತ್ತದೆ.

ಇದೇ ಕೊರಿಯಾ 1984ರಲ್ಲಿ ಮುಂಬೈಯ ಫೋರ್ಟಿನಲ್ಲಿ ಅರ್ಬನ್ ಡಿಸೈನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಶುರು ಮಾಡಿದವರು. ನವಿ ಮುಂಬೈ ಯೋಜನೆಗೆ ಮುಖ್ಯ ಆರ್ಕಿಟೆಕ್ಟ್ ಆಗಿದ್ದವರು. ಬೇಲಾಪುರದಲ್ಲಿ ಅವರು ಮಾಡಿದ ಆರ್ಟಿಸ್ಟ್ಸ್ ವಿಲೇಜ್ ನೋಡಿದರೆ ಏಳೇಳು ಮನೆ ಒಂದೊಂದು ಅಂಗಳದ ಸುತ್ತ ಕೂತಿವೆ, ಆ ಅಂಗಳದ ಅಳತೆ ಎಂಟು ಮೀಟರಿಗೆ ಎಂಟು ಮೀಟರು. ಪಣಜಿಯಲ್ಲಿ ಚಾರ್ಲ್ಸ್ ಕೊರಿಯಾ ಫೌಂಡೇಶನ್ ಇದೆ. ಫೋರ್ಟಿನ ಸಂಸ್ಥೆಯಾಗಲಿ ಈ ಫೌಂಡೇಶನ್ ಆಗಲಿ ಡಿಗ್ರಿ ಕೊಡುವ ಕಾಲೇಜಲ್ಲ. ಆದರೂ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಈ ವಿಷಯ ನಿಮಗೆ ಹಿಡಿಸುತ್ತದಾ ಅಂತ ತಿಳಿಯಲು ಇವರು ನಡೆಸುವ ಮಾತುಕತೆ, ಪ್ರದರ್ಶನಗಳಿಗೆ ಹೋಗಿ ಬನ್ನಿ. ಮುಂಬೈಯಲ್ಲಿರುವವರು ಫೋರ್ಟಿಗೆ, ಗೋವಾದಲ್ಲಿರುವವರು ಪಣಜಿಗೆ.

ಗೋವಾದ ಇನ್ನೊಂದು ಮುಖ ನಮ್ಮವರಿಗೆ ಚೆನ್ನಾಗಿ ಗೊತ್ತು. ಮಾಪ್ಸಾ, ಮಡಗಾಂವ್‌ನಲ್ಲಿ ಬೆಳಿಗ್ಗೆ ಕೂಲಿಗೆ ಕಾದು ನಿಲ್ಲುವವರಲ್ಲಿ ವಿಜಯಪುರ, ಬಾಗಲಕೋಟೆ, ಗದಗ ಕಡೆಯವರು ಬಹಳ. ಗೋವಾದ ಎಷ್ಟೋ ಗೋಡೆ ಎದ್ದದ್ದು ಇವರ ಕೈಯಿಂದ. ಕಾಯುವ ಆ ಎರಡು ಗಂಟೆ ಕೂರಲು ಒಂದು ಕಟ್ಟೆ, ಕುಡಿಯಲು ನೀರು, ಹೆಂಗಸರಿಗೆ ಒಂದು ಶೌಚಾಲಯ ಎಲ್ಲಿದೆ? ಕನ್ನಡ ಬಲ್ಲ ವಿದ್ಯಾರ್ಥಿ ಅಲ್ಲಿ ಹೋಗಿ "ಅಣ್ಣಾ, ಯಾವೂರು?" ಅಂತ ಶುರು ಮಾಡಿದರೆ ಬೇರೆ ಯಾರಿಗೂ ಸಿಗದ ಉತ್ತರ ಸಿಗುತ್ತದೆ. ನೀವು ಯಾವ ಊರಿನಲ್ಲೇ ಓದಿ, ಥೀಸಿಸ್ಸಿಗೆ ಈ ವಿಷಯ ಇಟ್ಟುಕೊಳ್ಳಿ ಅಂತ ನನ್ನ ಆಸೆ.

ಸ್ನಾತಕೋತ್ತರಕ್ಕೆ ಮಾತ್ರ ನನ್ನ ಸಲಹೆ ಮುಂಬೈ ಅಥವಾ ಪುಣೆ. ಜೊತೆಗೆ ಓದುವವರು ಹೆಚ್ಚು, ಆಫೀಸುಗಳು ಹೆಚ್ಚು, ಇಂಟರ್ನ್‌ಶಿಪ್ ಸುಲಭ. ಗೋವಾದಲ್ಲಿ ಓಡಾಡಲು ಸ್ಕೂಟರ್ ಇಲ್ಲದೆ ಆಗುವುದೂ ಇಲ್ಲ.

ಪ್ರವೇಶ ಮತ್ತು ಭೇಟಿ

ಎಂ.ಆರ್ಕ್, ಪ್ಲಾನಿಂಗ್ ಎರಡಕ್ಕೂ ಉಪಯೋಗಕ್ಕೆ ಬರುವುದು ಗೇಟ್ ಪರೀಕ್ಷೆಯ ಆರ್ಕಿಟೆಕ್ಚರ್ ಮತ್ತು ಪ್ಲಾನಿಂಗ್ ಪತ್ರಿಕೆ. ಅಂಕ ಮೂರು ವರ್ಷ ನಡೆಯುತ್ತದೆ, ಹಾಗಾಗಿ ಬಿ.ಆರ್ಕ್‌ನ ಕೊನೆಯ ವರ್ಷದಲ್ಲೇ ಬರೆದು ಇಟ್ಟುಕೊಳ್ಳಿ. ಮಹಾರಾಷ್ಟ್ರದ ಸೀಟುಗಳಿಗೆ ರಾಜ್ಯದ ಸಿಇಟಿ ಸೆಲ್‌ನ ಪ್ರಕಟಣೆ ನೋಡುತ್ತಿರಿ. ರಾಜ್ಯದ ನಿವಾಸಿ ಅಂತ ತೋರಿಸುವ ಡೊಮಿಸೈಲ್ ಸರ್ಟಿಫಿಕೇಟನ್ನು ಮೊದಲೇ ಮಾಡಿಸಿ. ಮುಂಬೈಯಲ್ಲೇ ಹುಟ್ಟಿ ಬೆಳೆದ ಮಕ್ಕಳೂ ಕೊನೆ ಗಳಿಗೆಯಲ್ಲಿ ಇದಕ್ಕಾಗಿ ಓಡುವುದನ್ನು ನೋಡಿದ್ದೇನೆ.

ಅರ್ಜಿ ಹಾಕುವ ಮೊದಲು ಕಾಲೇಜಿಗೆ ಹೋಗಿ. ಕಟ್ಟಡ, ಕ್ಯಾಂಟೀನು ನೋಡಿ ಬರಬೇಡಿ. ಜ್ಯೂರಿ, ಅಂದರೆ ವಿದ್ಯಾರ್ಥಿಗಳ ಕೆಲಸವನ್ನು ಎಲ್ಲರೆದುರು ಪರೀಕ್ಷಿಸುವುದು, ನಡೆಯುವ ದಿನ ಕೇಳಿ, ಹಿಂದಿನ ಸಾಲಿನಲ್ಲಿ ಕೂರಲು ಬಿಡುತ್ತಾರಾ ಕೇಳಿ. ಗೋಡೆಗೆ ಅಂಟಿಸಿದ ಡ್ರಾಯಿಂಗಿನಲ್ಲಿ ಮನುಷ್ಯರು ಇದ್ದಾರಾ ನೋಡಿ. ನಾನು ಓದುವಾಗ ನಮ್ಮ ಒಂದು ಸೆಮಿಸ್ಟರಿನ ಪ್ರಾಜೆಕ್ಟ್ ಇಡೀ ನಕ್ಷೆಯ ಮೇಲೇ ಮುಗಿಯಿತು, ಒಂದು ಸಲವೂ ಆ ಜಾಗಕ್ಕೆ ಕರೆದುಕೊಂಡು ಹೋಗಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ. ಅದಕ್ಕೇ ಹಿರಿಯ ವಿದ್ಯಾರ್ಥಿಗಳನ್ನು ನೇರವಾಗಿ ಕೇಳಿ: ಹೋದ ಸೆಮಿಸ್ಟರಿನಲ್ಲಿ ಎಷ್ಟು ದಿನ ಸೈಟಿಗೆ ಹೋದಿರಿ? ಎರಡು ದಿನ ಅಂದರೆ ಬೇರೆ ಕಾಲೇಜು ನೋಡಿ.

ಅಣ್ಣನ ಮಗಳು ಕೊನೆಗೆ ಪುಣೆಗೆ ಹೋದಳು, ಪ್ಲಾನಿಂಗಿಗೆ. ಕಲ್ಲು ಎತ್ತಿಸಿದ್ದು ಯಾರು ಅನ್ನುವ ಅವಳ ಮೊದಲ ಪ್ರಶ್ನೆ ಪಾಲಿಸಿಯ ಕಡೆಯದು, ಆದರೂ ಪ್ಲಾನಿಂಗಿನಲ್ಲೂ ಅದಕ್ಕೆ ಜಾಗ ಇದೆ ಅಂತ ನನಗೆ ಅನ್ನಿಸುತ್ತದೆ. ನಾನು ಕೊಟ್ಟ ಟೇಪನ್ನು ವಾಪಸ್ ಕೊಡಲಿಲ್ಲ. ಮೊನ್ನೆ ರಾತ್ರಿ ಫೋನ್ ಮಾಡಿದ್ದಳು. ತನ್ನ ಕೋಣೆಯ ಎದುರಿನ ಫುಟ್‌ಪಾತ್ ಅಳೆದಳಂತೆ. ಏಳೂವರೆ ಇಂಚು.